ಐದೂ ಮುಕ್ಕಾಲು

ನೆಬ್ರಾಸ್ಕದ ಈ ಊರಿನಲ್ಲಿ ಮೊದಲು ಏಳುವುದು ವಾಸನೆ.
ಮಾಂಸದ ಕಾರ್ಖಾನೆಯ ಹಬೆ
ಜೋಳದ ಹೊಲ ದಾಟಿ ಶಾಲೆಯ ಗೋಡೆಗೆ ತಾಗುವಾಗ
ಗಂಟೆ ಐದೂವರೆ.
ಇಲ್ಲಿ ಕಾವಲೂ ನಾನೇ, ಕಸಬರಿಕೆಯೂ ನಾನೇ,
ಸೊಂಟದಲ್ಲಿ ಹದಿನೇಳು ಬೀಗದ ಕೈ.

ಐದೂ ಮುಕ್ಕಾಲಿಗೆ ಜಿಮ್ಮಿನ ಬಾಗಿಲು ತೆರೆಯುತ್ತಿದ್ದೆ.
ಆರಕ್ಕೆ ಅಲ್ಲಿ ಪಾಳಿ ಶುರು;
ಕತ್ತಿ ಹಿಡಿಯುವ ತಾಯಂದಿರು
ಇಂಜಿನ್ ಆರಿಸದೆಯೇ ಮಕ್ಕಳನ್ನು ಇಳಿಸುತ್ತಿದ್ದರು:
ಸೊಮಾಲಿ ಹುಡುಗಿ ಹೊದಾನ್, ಒಂದೇ ಕಾಲಿಗೆ ಕಾಲುಚೀಲ;
ಬರ್ಮಾದಿಂದ ಬಂದ ಎಹ್ ಡೋ, ಬಾಯಲ್ಲಿನ್ನೂ ನಿದ್ದೆ;
ಯೆಸೆನಿಯಾ, ತಮ್ಮನನ್ನು ಮೂಟೆಯಂತೆ ಹೊತ್ತು.
ಯಾರೂ ಯಾರಿಗೂ ಕೈಬೀಸುತ್ತಿರಲಿಲ್ಲ.
ಅಷ್ಟು ಹೊತ್ತಿರಲಿಲ್ಲ.

ಒಳಗೆ ಡೋರೀನ್ ಹಾವ್ಲಿಚೆಕ್ ಹಾಲಿನ ಪೊಟ್ಟಣ ಎಣಿಸುತ್ತಿದ್ದಳು.
ವಯಸ್ಸು ಅರವತ್ತೆರಡು, ಮೊಣಕಾಲು ಹೋಗಿದೆ,
ಆದರೂ ನೆಲದ ಮೇಲೆಯೇ ಕೂತು
ಕಿತ್ತಳೆ ಬಿಡಿಸಿ ಭಾಗಾಕಾರ ಕಲಿಸುವಳು:
ಹತ್ತು ತೊಳೆ, ಸುತ್ತ ನಾಲ್ವರು,
ಮಿಕ್ಕ ಎರಡಕ್ಕೆ ಜಗಳ.
ಜಗಳಕ್ಕೆ ಶೇಷ ಎಂದು ಹೆಸರು.

ಸಂಜೆ ಮೂರೂ ಕಾಲಿಗೆ ಮತ್ತೆ ಅವರೇ, ಆರರವರೆಗೆ.
ದಿನದ ನಡುವಿನ ಭಾಗಕ್ಕೆ ಊರಿನ ತೆರಿಗೆ,
ಎರಡು ಅಂಚುಗಳಿಗೆ ವಾಷಿಂಗ್ಟನ್ನಿನ ದುಡ್ಡು.
ಬಟ್ಟೆ ಬಿಚ್ಚಿಕೊಳ್ಳುವುದು ಅಂಚಿನಿಂದಲೇ.

ಅರ್ಜಿಯಲ್ಲಿ ಒಂದು ಖಾನೆ:
‘ಅಳೆಯಬಹುದಾದ ಫಲಿತಾಂಶ’.
ಡೋರೀನ್ ಬರೆದಳು: ಓದಿನಲ್ಲಿ ಶೇಕಡ ಹನ್ನೊಂದು.
ಬರೆಯಲಿಲ್ಲ: ಹೊದಾನ್ ಸೀಟಿ ಹೊಡೆಯಲು ಕಲಿತಳು;
ಎಹ್ ಡೋ ಈಗ ಕಾರ್ಖಾನೆಯ ಅಂಗಳದ ಟ್ರಕ್ಕಿನಲ್ಲಿ
ಕಂಬಳಿಯಡಿ ಮುದುರಿ ಬೆಳಗಾಗಲು ಕಾಯುವುದಿಲ್ಲ.
ಅಳತೆಗೋಲು ಅಷ್ಟು ಉದ್ದವಿರಲಿಲ್ಲವೋ
ಅಷ್ಟು ಗಿಡ್ಡವಿರಲಿಲ್ಲವೋ.

ಜುಲೈನಲ್ಲಿ ಪತ್ರ ಬಂತು. ಎರಡೇ ಸಾಲು.
ರದ್ದು ಎನ್ನಲಿಲ್ಲ, ‘ಪರಿಶೀಲನೆಯಲ್ಲಿದೆ’ ಎಂದಿತ್ತು.
ಮಂಜೂರಾದ ಹಣ, ಕೈಗೆ ಬಂದ ತುತ್ತು,
ಯಾವುದೋ ಮೇಜಿನ ಮೇಲೆ ಆರುತ್ತಿತ್ತು.
ಪ್ರಿನ್ಸಿಪಾಲರು ಕರೆದು ಹೇಳಿದರು,
‘ವಿಮೆ ಇಲ್ಲ. ಏಳೂವರೆಗಿಂತ ಮುಂಚೆ ತೆರೆಯಬೇಡ.’
ನನ್ನ ಮುಖ ನೋಡಲಿಲ್ಲ, ಬೀಗದ ಕೈಗಳನ್ನು ನೋಡಿದರು.

ಆಗಸ್ಟ್.
ಐದೂ ಮುಕ್ಕಾಲಿಗೆ ನಾನು ಗಾಜಿನ ಈಚೆ,
ಅವರು ಮೆಟ್ಟಿಲ ಮೇಲೆ, ಆಚೆ.
ಕತೆಯಲ್ಲಾದರೆ ತೆರೆಯುತ್ತಿದ್ದೆ.
ನೆಲ ಒರೆಸಿದೆ.
ಒರೆಸಿದ್ದನ್ನೇ ಒರೆಸಿದೆ.
ಹೊರಗಿನ ದೀಪ ಮಾತ್ರ ಆರಿಸಲಿಲ್ಲ,
ಅದಕ್ಕೂ ವಿಮೆ ಬೇಕೇ ಎಂದು ಯಾರನ್ನೂ ಕೇಳಲಿಲ್ಲ.
ಯೆಸೆನಿಯಾ ಆ ಬೆಳಕಲ್ಲಿ ತಮ್ಮನಿಗೆ ಓದಿ ಹೇಳುತ್ತಿದ್ದಳು,
ತುಟಿ ಕಾಣಿಸುತ್ತಿತ್ತು, ಕತೆ ಕೇಳಿಸುತ್ತಿರಲಿಲ್ಲ.
ಮೂರನೆಯ ದಿನ ಗಾಜನ್ನೂ ದಾಟಿ ಬಂತು ಸೀಟಿ.
ನಾನು ಬಕೆಟ್ಟಿನ ನೀರು ಬದಲಿಸಲು ಹೋದೆ.

ಅಕ್ಟೋಬರಿನಲ್ಲಿ ಹಣ ಬಂತು. ಪೂರ್ತಿ ಬಂತು,
ಜೂನ್ ಒಳಗೆ ಖರ್ಚಾಗಬೇಕೆಂಬ ಷರತ್ತಿನೊಡನೆ.
ದಿನಸಿ ಅಂಗಡಿಯ ಗಲ್ಲಾದಿಂದ ಡೋರೀನ್ ವಾಪಸಾದಳು,
ಗಂಟೆಗೆ ಒಂದು ಡಾಲರು ಕಮ್ಮಿಗೆ.
ಹೊಸ ಕುರ್ಚಿ ನಲವತ್ತು. ಕಿತ್ತಳೆ ಎರಡು ಪೆಟ್ಟಿಗೆ.
ಹೊದಾನಳ ತಾಯಿ ಅಷ್ಟರಲ್ಲಿ ಕೆಲಸ ಬಿಟ್ಟು
ಕನ್ಸಾಸಿನ ಇನ್ನಾವುದೋ ಕಾರ್ಖಾನೆಗೆ ಹೋಗಿಯಾಗಿತ್ತು.
ಹಾಜರಿ ಪುಸ್ತಕದಲ್ಲಿ ಆ ಹೆಸರಿನ ಮುಂದೆ ಒಂದು ಗೆರೆ,
ಪೆನ್ಸಿಲಿನಲ್ಲಿ.

ಡೋರೀನ್ ನೆಲದ ಮೇಲೆ ಕೂತು ಹಣ್ಣು ಬಿಡಿಸಿದಳು.
ಹತ್ತು ತೊಳೆ, ಸುತ್ತ ಮೂವರು.
ಶೇಷ ಒಂದು.
ಯಾರೂ ಜಗಳಕ್ಕೆ ಬರಲಿಲ್ಲ.
ಅದು ಕಾಗದದ ತಟ್ಟೆಯಲ್ಲೇ ಒಣಗಿತು;
ಸಂಜೆ ಗುಡಿಸುವಾಗ
ನಾನು ತಿಂದೆ.