ಇಪ್ಪತ್ತೈದನೆಯವನು

ಕಂತು ಏಪ್ರಿಲ್‌ನಲ್ಲಿ ಬರುತ್ತದೆ ಎಂದಿತ್ತು ಆದೇಶದಲ್ಲಿ.
ಯಾವ ವರ್ಷದ ಏಪ್ರಿಲ್ ಎಂದು
ಅವರು ಬರೆಯುವುದಿಲ್ಲ, ನಾವು ಕೇಳುವುದಿಲ್ಲ.

ಚಿಂತಾಮಣಿಯಲ್ಲಿ, ಹಳೇ ಕಡಲೆಕಾಯಿ ಮಿಲ್ಲಿನೊಳಗೆ
ನಮ್ಮ ಶಾಲೆ. ಕಿವಿ ಕೇಳದ ಮಕ್ಕಳದು.
ಗೋಡೆಗೆ ಈಗಲೂ ಎಣ್ಣೆಯ ಜಿಡ್ಡು,
ಸುಣ್ಣ ಹಿಡಿಯದು.
ನೆಲಕ್ಕೆ ಕಡಪಾ ಕಲ್ಲು, ಅರ್ಧಕ್ಕರ್ಧ ಸಡಿಲ.
ನಾನು ಲೆಕ್ಕ ಬರೆಯುವವಳು. ನಾಲ್ಕು ಸಾವಿರ ಸಂಬಳ,
ಅದೂ ಲೆಕ್ಕದಲ್ಲಿ.

ಹನ್ನೊಂದು ತಿಂಗಳು ಅಕ್ಕಿ, ಬೇಳೆ, ಸೋಪು
ಆದಿಶೇಷಯ್ಯ ಶೆಟ್ಟರ ಅಂಗಡಿಯ ಸಾಲ.
ಬೇಳೆ ತೆಳುವಾದದ್ದನ್ನು ಮುನಿಲಕ್ಷ್ಮಮ್ಮ
ಹುಣಿಸೆಹುಳಿಯಲ್ಲಿ ಮುಚ್ಚಿದಳು.
ಹಣ ಬಳಕೆ ಪ್ರಮಾಣಪತ್ರ ಕಳಿಸಿ ಎಂದರು.
ಬಾರದ ಹಣದ ಬಳಕೆಯನ್ನು
ಮೂರು ಪ್ರತಿಯಲ್ಲಿ, ಸೀಲು ಹಾಕಿ ಕಳಿಸಿದೆ.

ಆಮೇಲೆ ಫೋನು. ನಾಳೆ ಹತ್ತಕ್ಕೆ ತಪಾಸಣೆ.
ಇಪ್ಪತ್ತೈದಕ್ಕೆ ಒಂದು ತಲೆ ಕಮ್ಮಿಯಾದರೂ
ಅನುದಾನವಿಲ್ಲ.
ರುಕ್ಸಾರಳಿಗೆ ಜ್ವರವೆಂದು ಅಜ್ಜಿ ಬಂದು
ಮದನಪಲ್ಲಿಗೆ ಕರೆದೊಯ್ದಿದ್ದಳು.
ಸಲೋಮಿ ಟೀಚರ್ ಆ ರಾತ್ರಿ ಮಾತಾಡಲಿಲ್ಲ,
ಕೈಯಲ್ಲೂ.

ಬೆಳಿಗ್ಗೆ ಶೆಟ್ಟರು ತಾವೇ ಬಂದರು, ಮಗನ ಕೈ ಹಿಡಿದು.
"ನಮ್ಮ ಯತಿರಾಜನ್ನ ನಿಲ್ಲಿಸ್ಕೊಳ್ಳಿ.
ಬಾಯಿ ಬಿಡಬೇಡ ಅಂದಿದೀನಿ,
ಏನೇ ಸದ್ದಾದ್ರೂ ತಿರುಗಬೇಡ ಅಂದಿದೀನಿ.
ನನ್ನ ಬಾಕೀನೂ ಅದರಲ್ಲೇ ಐತಲ್ಲಮ್ಮ."
ಒಂದು ಲಕ್ಷ ಎಂಬತ್ತು ಸಾವಿರದ ಮೇಲೆ
ಒಬ್ಬ ಮಗ.
ನಾನು ರಸೀದಿ ಕೊಡಲಿಲ್ಲ.

ಅಧಿಕಾರಿ ಕೆಟ್ಟವರಲ್ಲ. ಉಪ್ಪಿಟ್ಟು ಬೇಡವೆಂದರು,
ನೀರು ಕುಡಿದರು, ತಲೆ ಎಣಿಸಿದರು: ಇಪ್ಪತ್ತೈದು.
ಮಕ್ಕಳನ್ನು ಗೋಡೆಗೆ ಮುಖಮಾಡಿ ನಿಲ್ಲಿಸಿ,
ಮಿಲ್ಲಿನ ಕಾಲದ ಹತ್ತು ಕೆಜಿ ತೂಕದ ಕಲ್ಲನ್ನು
ಎರಡೂ ಕೈಯಲ್ಲಿ ಎದೆಮಟ್ಟ ಎತ್ತಿ
ಬಿಟ್ಟರು.

ಕಲ್ಲು ಕಲ್ಲಿಗೆ ಹೇಳಿತು. ಅಂಗಾಲು ಕೇಳಿತು.
ಇಪ್ಪತ್ತನಾಲ್ಕು ಮುಖ ಒಮ್ಮೆಗೇ ತಿರುಗಿದವು,
ಏನು ಬಿತ್ತೆಂದು ಕಣ್ಣರಳಿಸಿ.
ಒಬ್ಬ ತಿರುಗಲಿಲ್ಲ.
ಕಿವಿಯ ತುದಿ ಕೆಂಪಾಗಿ, ಬೆನ್ನು ಬಿಗಿದು,
ಅಪ್ಪನ ಮಾತಿನ ಮೇಲೆ ನಿಂತೇ ಇದ್ದ.

ಅಧಿಕಾರಿ ಬರೆದುಕೊಂಡರು.
ನೈಜ ಫಲಾನುಭವಿ: ಒಂದು.

ಟೀಚರಿಗೆ ನಗು ಬಂತು. ತಡೆಯಲಾಗಲಿಲ್ಲ.
ಮಕ್ಕಳಿಗೂ ಹತ್ತಿತು, ಯಾಕೆಂದು ತಿಳಿಯದೆ.
ಮುನಿಲಕ್ಷ್ಮಮ್ಮ ಮಾತ್ರ ಒಳಗೆ ಹೋಗಿ
ಮಾಡಿದ ಉಪ್ಪಿಟ್ಟು ಯಾರು ತಿನ್ನಬೇಕೆಂದು
ಪಾತ್ರೆಗೆ ಬೈದಳು.

ಈಗ ನನ್ನ ಸರದಿ. ವಿವರಣೆ ಏಳು ದಿನದೊಳಗೆ.
ಮಾನ್ಯರೇ,
ನೆಲದ ಕಲ್ಲು ಸಡಿಲವಿರುವ ಕಾರಣ ಮಕ್ಕಳು ತಿರುಗಿರುತ್ತಾರೆ.
ದುರಸ್ತಿಗೆ ಮೂರು ವರ್ಷದಿಂದ ಕೋರಿರುತ್ತೇವೆ,
ಪತ್ರಗಳ ನಕಲು ಲಗತ್ತಿಸಿದೆ.
ತಿರುಗದ ಆ ಒಬ್ಬನ ಬಗ್ಗೆ

ಇಲ್ಲಿಗೆ ಪೆನ್ನು ನಿಂತಿದೆ.
ಕಂಬದ ಹತ್ತಿರ ಅವನೇ, ಸೋಪಿನ ಚೀಲ ಇಳಿಸಿ,
ಜ್ವರ ಬಿಟ್ಟು ಬಂದ ರುಕ್ಸಾರಳ ಎದುರು ಕೂತು
ಬೆರಳು ಮಡಚಿ, ಬಿಡಿಸಿ, ಮತ್ತೆ ಮಡಚಿ,
ತನ್ನ ಹೆಸರು ಕಲಿಯುತ್ತಿದ್ದಾನೆ.