ಏಳನೆಯ ಹೇಳಿಕೆ

ಮಡಿಕೇರಿಯಿಂದ ಬಂದ ಬಿ.ಎಡ್. ಹುಡುಗ
ಹಂಚಿದ ಹಾಳೆಯಲ್ಲಿ ಇಪ್ಪತ್ತು ಹೇಳಿಕೆ,
ಒಂದೊಂದರ ಮುಂದೆ ಐದೈದು ಚೌಕ.
ಹೆಸರು ಬರೆಯಬೇಡಿ ಅಂದ. ಬರೆಯದಿದ್ದರೂ
ಒಂಬತ್ತನೇ ಬಿ-ಯ ಒಂದೊಂದು ಗೀಟೂ ನನಗೆ ಗೊತ್ತು.

ಏಳನೆಯದು: ‘ವಿಜ್ಞಾನ ಕಲಿಯಬಲ್ಲೆನೆಂಬ ನಂಬಿಕೆ ನನಗಿದೆ.’
ಚಿಣ್ಣಪ್ಪ ಓದದೆಯೇ ‘ಪೂರ್ಣ ಒಪ್ಪುತ್ತೇನೆ’ಗೆ ಗೀಚಿ
ಕಿಟಕಿಯಾಚೆ ಹಾಕಿ ಮೈದಾನ ನೋಡುತ್ತ ಕೂತ.
ಶಹಲಾ ಪಕ್ಕದವಳ ಹಾಳೆ ಇಣುಕಿ ಬರೆದಳು;
ನಂಬಿಕೆಯನ್ನೂ ನಕಲು ಹೊಡೆಯಬಹುದು,
ಪಾಲಿಬೆಟ್ಟಕ್ಕೆ ಬಂದ ಮೇಲೆ ನಾನು ಕಲಿತದ್ದು.
ರಜಿತಾ ಪೆನ್ನಿನ ಮುಚ್ಚಳ ಕಚ್ಚುತ್ತ
ಗಂಟೆ ಹೊಡೆಯುವವರೆಗೂ ಏಳನ್ನು ಖಾಲಿ ಬಿಟ್ಟು
‘ನಾಳೆ ಕೊಡ್ತೀನಿ’ ಎಂದು ಮಡಿಸಿಟ್ಟಳು.

ಅವಳ ಲೈನ್ ಮನೆಯಿಂದ ಶಾಲೆಗೆ ಮೂರು ಕಿಲೋಮೀಟರ್ ತೋಟ.
ಆನೆ ಇಳಿದ ದಿನ, ಗೈರು ಅನ್ನಲು ಮನಸ್ಸು ಬಾರದೆ,
ಹಾಜರಿಯಲ್ಲಿ ಪೆನ್ಸಿಲಿನಿಂದ ‘ಆ’ ಬರೆಯುತ್ತೇನೆ.
ಒಮ್ಮೆ ಅಂದಿದ್ದೆ: ಗಾಳಿ ಯಾವ ಕಡೆಯದೆಂದು
ನೋಡಿಕೊಂಡು ನಡೀತೀಯಲ್ಲ, ಅದೇ ವಿಜ್ಞಾನ ಕಣಮ್ಮ.
ನನ್ನ ಮಾತು ನನಗೇ ಬಹಳ ಹಿಡಿಸಿತ್ತು.
‘ಅದು ಹೆದರಿಕೆ, ಸರ್’ ಅಂದಳು.

ಮರುದಿನ ಆಮ್ಲ, ಪ್ರತ್ಯಾಮ್ಲ.
ನಮ್ಮ ಲ್ಯಾಬೆಂದರೆ ಒಂದು ಕಬ್ಬಿಣದ ಬೀರು,
ಬೀಗದ ಕೈ ಹೆಡ್‌ಮಾಸ್ತರರ ಜೇಬಿನಲ್ಲಿ,
ಜೇಬು ವಿರಾಜಪೇಟೆಯ ಮೀಟಿಂಗಿನಲ್ಲಿ.
ಲಿಟ್ಮಸ್ ನನ್ನ ಬಳಿ ಇತ್ತು. ಆಮ್ಲಕ್ಕೆ
ಚಿಣ್ಣಪ್ಪನ ಅಜ್ಜಿ ಕಳಿಸಿದ ಕಾಚಂಪುಳಿ.
ಅದರ ಹಣ್ಣು ಆಯ್ದದ್ದು ರಜಿತಾಳ ತಾಯಿ;
ಇಬ್ಬರೂ ಅದನ್ನು ಹೇಳಲಿಲ್ಲ.

ನೀಲಿ ಪಟ್ಟಿ. ಒಂದು ಹನಿ. ಏನಾಯಿತು?
‘ಕೆಂಪು ಸರ್!’
ನಲವತ್ತು ಬಾಯಿ, ಒಂದೇ ಉಸಿರು.
ಪುಸ್ತಕ ಹೇಳಿತ್ತು, ನಾನು ಹೇಳಿದ್ದೆ,
ಹೋದ ವರ್ಷದವರ ನೋಟ್ಸೂ ಹೇಳಿತ್ತು.
ಬೋರ್ಡಿನ ಮೇಲೆ ನನ್ನ ಕೈ ‘ಕೆಂ’ ಬರೆದಾಗಿತ್ತು.

‘ಕಪ್ಪು.’

ಹಿಂದಿನ ಬೆಂಚು. ಬೈಗುಳಕ್ಕೆ ತಯಾರಾದ ದನಿ.
ಬಗ್ಗಿ ನೋಡಿದೆ. ಕಪ್ಪೇ.
ಪಂದಿಕರಿ ಪಾತ್ರೆಯ ತಳದಷ್ಟು ಕಪ್ಪು.
ಹತ್ತೊಂಬತ್ತು ವರ್ಷದಿಂದ ಈ ಪಾಠ ಮಾಡುತ್ತಿದ್ದೇನೆ.

‘ಕಪ್ಪು ಅಂತ ಬರೆದರೆ ಮಾರ್ಕ್ಸ್ ಹೋಗುತ್ತಾ?’
ಹೋಗುತ್ತದೆ. ಹೇಳಲಿಲ್ಲ.
‘ಈಗ ಏನು ಮಾಡ್ತೀಯಾ?’ ಎಂದೆ.
ಸುಮ್ಮನೆ ನಿಂತಳು. ಯಾರೋ ನಕ್ಕರು.
ಆಮೇಲೆ ತನ್ನ ನೀರಿನ ಬಾಟಲಿಯ ಮುಚ್ಚಳ ತಿರುಗಿಸಿ,
ಮುಚ್ಚಳಕ್ಕೆ ನೀರು, ನೀರಿಗೆ ಒಂದೇ ತೊಟ್ಟು ಹುಳಿ,
ಹೊಸ ಪಟ್ಟಿಯ ತುದಿ ಮಾತ್ರ ಅದ್ದಿದಳು.
ಕೈ ನಡುಗುತ್ತಿತ್ತು, ಅದಕ್ಕೆ ನೀರೂ ನಡುಗುತ್ತಿತ್ತು.

ಕೆಂಪು ಬಂತು, ತುದಿಯಿಂದ ಮೇಲಕ್ಕೆ, ನಿಧಾನವಾಗಿ,
ಕಾಫಿ ಹಣ್ಣಾಗುವ ಹಾಗೇನಲ್ಲ,
ಕಾಗದ ಕೆಂಪಾಗುವ ಹಾಗೆ.

‘ಹಾಗಾದರೆ ಇವರು ಹೇಳಿದ್ದೂ ಸರಿ’ ಎಂದಳು,
ಗೆದ್ದವಳಂತಲ್ಲ, ಅಂಗಡಿ ಲೆಕ್ಕ ಚುಕ್ತಾ ಮಾಡಿದವಳಂತೆ.
‘ಇಲ್ಲ, ನಾವು ನೋಡಿರಲಿಲ್ಲ’ ಅಂದ ಚಿಣ್ಣಪ್ಪ.
ಆಗ ಅವನ ಬೆನ್ನು ಕಿಟಕಿಯ ಕಡೆಗಿತ್ತು.

ಸಂಜೆ ಹಾಳೆ ಬಂತು.
ಏಳರ ಮುಂದೆ ಐದೂ ಚೌಕ ಖಾಲಿ, ಅಂಚಿನಲ್ಲಿ
ಸಣ್ಣಕ್ಷರ: ‘ನೀರು ಸೇರಿಸಿ ನೋಡಬೇಕು.’
‘ಇದು ಅಸಿಂಧು ಸರ್’ ಎಂದು ಬಿ.ಎಡ್. ಹುಡುಗ
ಬದಿಗಿಟ್ಟ. ನಾನು ಹಾಜರಿ ಪುಸ್ತಕದೊಳಗೆ ಇಟ್ಟುಕೊಂಡೆ.

ಸೋಮವಾರ ಆನೆ ಇಳಿದಿತ್ತು.
ಅವಳ ಹೆಸರಿನೆದುರು ಪೆನ್ಸಿಲಿನ ‘ಆ’.
ಬೋರ್ಡಿನ ಮೇಲೆ ನನ್ನ ಅರ್ಧ ‘ಕೆಂ’,
ಯಾರೂ ಅಳಿಸಿರಲಿಲ್ಲ.