ಅನೀಕಾ ನಕ್ಕದ್ದು

ಬರ್ನ್‌ಲಿಯ ಕಾಲುವೆಯ ದಡದಲ್ಲಿ, ಚಾವಣಿ ಅರ್ಧ ಹಾರಿಹೋದ
ನೇಯ್ಗೆ ಗಿರಣಿಯ ಶೆಡ್ಡು. ಫೆಬ್ರವರಿ, ಗುರುವಾರ.
ಶಾಲೆಯಿಂದ ನಮ್ಮ ಐದು ಜನರನ್ನು ಕಳಿಸಿದ್ದರು,
'ಹೊಸ ರಂಗಭೂಮಿಗೆ ಹರೆಯದ ಸ್ಪಂದನ' ಎಂದು.
ಮೊದಲು ಸ್ಪಂದಿಸಿದ್ದು ಹಲ್ಲು: ಅಷ್ಟು ಚಳಿ.

ನಾಟಕವೆಂದರೆ ಪರದೆ, ಕತ್ತಿ, ಸಾಯುವವನ ಉದ್ದ ಮಾತು
ಎಂದುಕೊಂಡಿದ್ದ ಡೆಕ್ಲನ್ ಕೇಳಿದ: "ರಂಗ ಎಲ್ಲಿ?"
"ನೀನು ನಿಂತಲ್ಲೇ" ಎಂದಳು ಪಿಪ್ಪಾ,
ನಮ್ಮನ್ನು ಕಾಯುವ ಕೆಲಸದವಳು, ಹಸಿರು ಕೂದಲು.
ಅವನು ಸರಕ್ಕನೆ ಪಕ್ಕಕ್ಕೆ ಸರಿದ,
ಹಸಿ ಬಣ್ಣ ತುಳಿದವನ ಹಾಗೆ.

ದೀಪ ಒಂದೇ. ಅದರಡಿ ಮರದ ಸ್ಟೂಲು.
ಸ್ಟೂಲಿನ ಮೇಲೆ ಮಾವಿಸ್, ಎಂಬತ್ತೆರಡು ವರ್ಷ,
ಹದಿನೈದಕ್ಕೆ ಇದೇ ಶೆಡ್ಡಿನಲ್ಲಿ ಲಾಳಿ ಹಿಡಿದವಳು,
ನಟಿಯಲ್ಲ, ಎಂದೂ ಆಗಿರಲಿಲ್ಲ,
ತುಟಿಗೆ ಮಾತ್ರ ಕೆಂಪು ಬಳಿದಿದ್ದರು.
ಆಮೇಲೆ ಸದ್ದು ಬಿಟ್ಟರು.

ನಾನೂರು ಮಗ್ಗಗಳ ಸದ್ದು. ಕಿವಿಗಡಚಿಕ್ಕುವುದು ಎಂದರೆ ಏನೆಂದು
ಆವತ್ತಿನವರೆಗೆ ನನಗೆ ಗೊತ್ತಿರಲಿಲ್ಲ;
ಎದೆಗೂಡಿನೊಳಗೆ ಯಾರೋ ತಗಡು ಬಡಿದ ಹಾಗೆ.
ಆ ಸದ್ದಿನ ನಡುವೆ ಕೂತು ಮಾವಿಸ್ ಮಾತಾಡತೊಡಗಿದಳು,
ದನಿಯಿಲ್ಲದೆ, ಬರೀ ತುಟಿ,
ಹಿಗ್ಗಿಸಿ, ಹಿಂಜಿ, ಒಂದೊಂದು ಅಕ್ಷರವನ್ನೂ ಒಗೆದು ಹರವಿದಂತೆ.
ಆಗೆಲ್ಲ ಹೆಂಗಸರು ಮಗ್ಗದಿಂದ ಮಗ್ಗಕ್ಕೆ ಹೀಗೇ ಮಾತಾಡುತ್ತಿದ್ದರಂತೆ,
ಗದ್ದಲದ ನೆತ್ತಿಯ ಮೇಲೆ.

ನಾವು ನೋಡಿದೆವು. ಹತ್ತು ನಿಮಿಷ ನೋಡಿದೆವು.
ಶಾಜಿಲ್ ಚಾವಣಿಯ ಪಾರಿವಾಳ ಎಣಿಸಿದ: ಒಂಬತ್ತು.
ಮೇವ್ ತನ್ನ ಪುಸ್ತಕದಲ್ಲಿ "ದುಃಖ?" ಎಂದು ಬರೆದು
ಪ್ರಶ್ನೆಚಿಹ್ನೆಯನ್ನು ಹೊಡೆದುಹಾಕಿದಳು; ಮುದುಕಿ, ಪಾಳು ಗಿರಣಿ, ಒಂದೇ ದೀಪ,
ದುಃಖವಲ್ಲದೆ ಇನ್ನೇನು? ನಾನೂ
ಸಾವಿನ ಮನೆಗೆ ಹೋದವನ ಮುಖ ಮಾಡಿಕೊಂಡೆ.

ಆಗ ಅನೀಕಾ ನಕ್ಕಳು.
ಕಿಸಕ್ಕನೆ ಅಲ್ಲ. ಹೊಟ್ಟೆ ಹಿಡಿದುಕೊಂಡು, ಕುರ್ಚಿ ಅಲುಗುವಂತೆ.
ನಮಗೆ ಕೇಳಲಿಲ್ಲ, ಕಂಡಿತು.

ಹುಟ್ಟಿನಿಂದ ಕಿವಿ ಕೇಳದ ಅನೀಕಾ;
ಪ್ರತಿ ನಾಟಕಕ್ಕೂ ಮೂಲೆಯ ಸೀಟು, ಪಕ್ಕದಲ್ಲಿ ಸನ್ನೆಯ ಗ್ಯಾರೆತ್,
ನಾವೆಲ್ಲ ನಕ್ಕು ಎರಡು ಉಸಿರಾದ ಮೇಲೆ ನಗುವವಳು.
ಇವತ್ತು ಗ್ಯಾರೆತ್ ಜೇಬಿನಲ್ಲಿ ಕೈಯಿಟ್ಟು ನಿಂತಿದ್ದ, ಕೆಲಸವಿಲ್ಲದೆ.
ಇವತ್ತು ಅವಳ ಮುಖ ನೋಡಿ ನಾವು ನಕ್ಕೆವು,
ಎರಡು ಉಸಿರು ತಡವಾಗಿ, ಯಾಕೆಂದು ತಿಳಿಯದೆ.

ಮಾವಿಸ್ ಅದನ್ನು ಕಂಡಳು. ಸ್ಟೂಲನ್ನು ದರದರ ಎಳೆದು
ಅವಳತ್ತ ತಿರುಗಿ ಕೂತಳು. ಅಲ್ಲಿಂದ ಮುಂದಿನದೆಲ್ಲ
ಅವರಿಬ್ಬರದೇ. ನಮಗೆ ಸಿಕ್ಕಿದ್ದು ಮಾವಿಸಳ ಬೆನ್ನು,
ಕಾರ್ಡಿಗನ್ನಿನಿಂದ ಬಿಚ್ಚಿ ನೇತಾಡುವ ಒಂದು ಎಳೆ.

ಮುಗಿದ ಮೇಲೆ ಪಿಪ್ಪಾ ಹಳದಿ ಚೀಟಿ ಹಂಚಿದಳು: ನಿಮಗೇನನ್ನಿಸಿತು?
ಡೆಕ್ಲನ್ ಬರೆದ: ಹಸಿವು.
ಶಾಜಿಲ್: ಒಂಬತ್ತು.
ಮೇವ್ ಮೂರು ಚೀಟಿ ತುಂಬಿಸಿ ಮೂರನ್ನೂ ಹರಿದಳು.
ನಾನು ಬರೆದದ್ದು (ಈಗ ನಾಚಿಕೆಯಾಗುತ್ತದೆ) 'ಮೌನದ ಶಕ್ತಿ'.
ಮೌನ ಎಲ್ಲಿತ್ತು? ತುಟಿ ಪಿಟಕ್ಕೆನ್ನದೆ ಕೂತವರು ನಾವೇ.

"ಏನು ಹೇಳಿದಳು?" ಅನೀಕಾಳ ತೋಳು ಹಿಡಿದು ಜಗ್ಗಿದೆವು.
ಅವಳು ಫೋನಿನಲ್ಲಿ ಒತ್ತಿ ತೋರಿಸಿದಳು:
"ಮೇಸ್ತ್ರಿಯ ಪ್ಯಾಂಟಿನ ಕಥೆ. ಆಮೇಲೆ ಸತ್ತ ತಂಗಿಯದು.
ಎರಡಕ್ಕೂ ಮುಖ ಒಂದೇ ಥರ ಇತ್ತು. ಉಳಿದದ್ದು ಹೇಳಲ್ಲ."
ಅಷ್ಟರಲ್ಲಿ ಚಹಾದ ಹಂಡೆಯ ಬಳಿಯಿಂದ, ನಲವತ್ತು ಜನರ ಗಜಿಬಿಜಿ ದಾಟಿ
ಮಾವಿಸ್ ಏನೋ ಅಂದಳು; ಇವಳು ಇನ್ನೇನೋ ಅಂದಳು;
ನಮ್ಮ ಮಾತುಗಳ ಸಂದಿಯಲ್ಲಿ ಅವರ ಮಾತು
ಲಾಳಿಯ ಹಾಗೆ ಹೋಗಿ ಬಂತು, ಎಲ್ಲೂ ತಾಗದೆ.

ಆ ರಾತ್ರಿ ಕನ್ನಡಿಯೆದುರು ಕಲಿಯಲು ಕೂತೆ.
ಪ, ಬ, ಮ. ಮೂರಕ್ಕೂ ತುಟಿ ಒಂದೇ ಥರ ಮುಚ್ಚಿ ತೆರೆಯುತ್ತದೆ.
ಇಷ್ಟು ಕಡಿಮೆಯಲ್ಲೇ ಅವಳು ಇಷ್ಟು ವರ್ಷ ನಮ್ಮನ್ನು ಓದಿದ್ದಳೇ?

ಮರುವಾರ ಬಸ್ಸಿನಲ್ಲಿ ಕೂತಿದ್ದೆ. ಗಾಜಿನಾಚೆ ಅನೀಕಾ,
ಹೆಗಲಿಗೆ ಚೀಲ, ಗಿರಣಿಯ ಕಡೆ ಹೊರಟವಳು,
ನನ್ನತ್ತ ತಿರುಗಿ ಒಂದೇ ಮಾತು ಅಂದಳು, ಹಿಗ್ಗಿಸಿ, ಹಿಂಜಿ.
ಬರ್ತೀಯಾ ಎಂದಳೋ,
ಮರ್ತೀಯಾ ಎಂದಳೋ.
ಬಸ್ಸು ಹೊರಟಿತ್ತು.
ತಪ್ಪಿದ್ದರೆ ತಪ್ಪಲಿ ಎಂದು ಗಂಟೆ ಒತ್ತಿದೆ.